ಗರಡಿಯ ಗಿಡ್ಡ ಬಾಗಿಲು

ಒಂದು ಊರಿನಲ್ಲಿ ಹಳೆಯ ಗರಡಿಮನೆ ಇತ್ತು. ಅದರ ಬಾಗಿಲು ಎಷ್ಟು ಗಿಡ್ಡವೆಂದರೆ, ಎಂಥ ಜಟ್ಟಿಯಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹೆಂಗಸರು ಮಾತ್ರ ತಲೆ ಬಗ್ಗಿಸಿದರೂ ಹೋಗುವಂತಿರಲಿಲ್ಲ. ಅಲ್ಲಿ ಕುಸ್ತಿ ಕಲಿಸುತ್ತಿದ್ದ ಉಸ್ತಾದರ ಮಗಳು ಚಿಕ್ಕತಾಯಮ್ಮ ಕಿಟಕಿಯ ಸರಳು ಹಿಡಿದು, ಹೊರಗೆ ನಿಂತೇ ಪಟ್ಟುಗಳನ್ನೆಲ್ಲ ಕಲಿತಳು.

ತಂದೆ ತೀರಿಕೊಂಡ ಮೇಲೆ ಗರಡಿಯ ಬೀಗದಕೈ ಅವಳ ಸೊಂಟಕ್ಕೆ ಬಂತು. ಅವಳು ಮೊದಲು ಮಾಡಿದ ಕೆಲಸವೆಂದರೆ ಬಾಗಿಲಿಗೆ ಬೋರ್ಡು ಹಾಕಿಸಿದ್ದು: ‘ಆತ್ಮರಕ್ಷಣೆ ತರಗತಿ. ಹೆಂಗಸರಿಗೆ ಮಾತ್ರ.’ ಗಂಡಸರ ಕಣ್ಣು ಬೀಳದ ಜಾಗದಲ್ಲಿ ಹುಡುಗಿಯರು ಮೈಚಳಿ ಬಿಟ್ಟು ಕಲಿಯುವುದನ್ನು ನೋಡಿದರೆ ಅವಳ ಜೀವ ತಂಪಾಗುತ್ತಿತ್ತು.

ಒಂದು ಸಂಜೆ ಹಾಸ್ಟೆಲಿನ ಅಡುಗೆಯವನು ಕೆಂಪರಾಜು ಬಂದು ನಿಂತ. ಜೋರು ಗಾಳಿ ಬಂದರೆ ಹಾರಿಹೋಗುವಂಥ ಆಸಾಮಿ. ಬಸ್ ಸ್ಟ್ಯಾಂಡಿನ ಪುಂಡರು ಅವನ ಸೈಕಲ್ ತಡೆದು, ತಲೆಗೆ ಮೊಟಕಿ ನಗುತ್ತಿದ್ದರು. ಅದಕ್ಕೇ ಅವನು ದಿನಾ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

“ಅಕ್ಕಾ, ನನಗೂ ಒಸಿ ಹೇಳಿಕೊಡಿ. ಆ ದಾರೀಲಿ ಹೋಗಕ್ಕೇ ಭಯ ಆಯ್ತದೆ.”

“ಬೋರ್ಡು ನೋಡಲಿಲ್ವೇನಪ್ಪಾ? ಗಂಡಸಾಗಿ ಹಿಂಗನ್ನಕ್ಕೆ ನಾಚಿಕೆ ಆಗಲ್ವಾ?” ಎಂದಳು ತಾಯಮ್ಮ.

ಕೆಂಪರಾಜು ಕಿಟಕಿಯ ಕೆಳಗೆ ನಿಲ್ಲಿಸಿದ್ದ ಸೈಕಲ್ ತಗೊಂಡು ಹೊರಟುಹೋದ.

ಆ ಗರಡಿಯಲ್ಲಿ ಇನ್ನೊಂದು ತಪ್ಪೂ ನಡೆಯುತ್ತಿತ್ತು. ಹುಡುಗಿಯರು ಒಬ್ಬರ ಮಣಿಕಟ್ಟು ಒಬ್ಬರು ಹಿಡಿಯುವರು. “ನೋವಾಯ್ತೇನೇ?” ಎಂದು ಕೇಳಿ, ಉತ್ತರ ಬರುವ ಮೊದಲೇ ಬಿಡುವರು. ಬಿಡಿಸಿಕೊಂಡವಳಿಗೆ ಚಪ್ಪಾಳೆ. ತಾಯಮ್ಮನೂ ಮುದ್ದಿನಿಂದ ತಿದ್ದದೆ ಬಿಡುತ್ತಿದ್ದಳು.

ಅವರಲ್ಲಿ ಎಲ್ಲರಿಗಿಂತ ಚುರುಕು ವನಜಾ. ಒಂದು ದಿನ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅದೇ ಪುಂಡರಲ್ಲೊಬ್ಬ ಅವಳ ಕೈ ಹಿಡಿದ. ಕಲಿತಂತೆ ತಿರುಗಿಸಿದಳು. ಆ ಕೈ ಬಿಡಲಿಲ್ಲ. ಹಾಸ್ಟೆಲಿನ ಪಾರ್ಸೆಲ್ ತರಲು ಬರಲೇಬೇಕಾಗಿದ್ದ ಕೆಂಪರಾಜು ಹೆದರುತ್ತಲೇ ನುಗ್ಗಿ, ಪುಂಡನ ಒಂದೇ ನೂಕಿಗೆ ನೆಲಕ್ಕೆ ಬಿದ್ದ. ಬಸ್ಸಿನ ಕಂಡಕ್ಟರು ಇಳಿದು ಗದರಿಸಿದ ಮೇಲೆ ಆ ಪುಂಡ ಕಾಲ್ಕಿತ್ತ.

ಮರುದಿನ ವನಜಾ ನಡೆದದ್ದನ್ನು ಹೇಳಿ, ಬಾವು ಬಂದ ಕೈ ತೋರಿಸಿದಳು. “ತಾಯಕ್ಕಾ, ಇಲ್ಲಿ ಬಿಡೋಕೇ ಅಂತ ಹಿಡೀತಾರೆ. ಅವನು ಹಂಗೆ ಹಿಡೀಲಿಲ್ಲ. ಪಾಪ, ಆ ಕೆಂಪರಾಜಣ್ಣ ಬಂದ್ರು. ಅವ್ರಿಗೆ ನನಗೆ ಗೊತ್ತಿದ್ದಷ್ಟೂ ಗೊತ್ತಿರಲಿಲ್ಲ.”

ತಾಯಮ್ಮನಿಗೆ ಕಿಟಕಿಯ ಸರಳು ನೆನಪಾಯಿತು. ಹೊರಗೆ ನಿಂತು ನೊಂದವಳೇ ಇನ್ನೊಬ್ಬನನ್ನು ಹೊರಗೆ ನಿಲ್ಲಿಸಿದ್ದಳು. ಆದರೆ ಗಂಡಸರು ಬಂದರೆ ಎಷ್ಟೋ ಹುಡುಗಿಯರು ಬರುವುದನ್ನೇ ಬಿಟ್ಟಾರು. ಅದಕ್ಕೆ ತೀರ್ಮಾನವನ್ನು ಅವರಿಗೇ ಬಿಟ್ಟಳು. ಅವರು ಗುಸುಗುಸು ಮಾತಾಡಿಕೊಂಡು ಹೇಳಿದರು: ಬೆಳಗಿನ ತರಗತಿ ಹೆಂಗಸರದೇ ಇರಲಿ, ಸಂಜೆಯದು ಎಲ್ಲರದೂ ಆಗಲಿ.

ಕೆಂಪರಾಜುವನ್ನು ಕರೆಯಲು ತಾಯಮ್ಮನೇ ಹಾಸ್ಟೆಲಿಗೆ ಹೋದಳು. “ನಾಚಿಕೆ ಆಗಬೇಕಾಗಿದ್ದು ನನಗೆ ಕಣಪ್ಪಾ. ಬಾ” ಎಂದಳು.

ಸಂಜೆ ಅವನು ತಲೆ ಬಗ್ಗಿಸಿ ಒಳಗೆ ಬಂದ. ತಾಯಮ್ಮ ಎಲ್ಲರಿಗೂ ಹೇಳಿದಳು: “ಇಲ್ಲಿ ಮೊದಲ್ನೇ ಪಾಠ ಹೊಡಿಯೋದಲ್ಲ. ಹಿಡಿಯೋವಾಗ ಗಟ್ಟಿಯಾಗೇ ಹಿಡೀರಿ. ಆದ್ರೆ ‘ಬಿಡು’ ಅಂದ ತಕ್ಷಣ ಬಿಡಬೇಕು. ಅನ್ನೋರು ಯಾರಾದ್ರೂ ಸರಿ.”

ವನಜಾ ತನ್ನ ಇನ್ನೊಂದು ಕೈ ಚಾಚಿದಳು. “ಹಿಡೀರಣ್ಣ. ಕನಿಕರ ಬೇಡ.”

ಕೆಂಪರಾಜು ಹಿಡಿದ. ಪಾತ್ರೆ ಎತ್ತಿ ಎತ್ತಿ ಗಟ್ಟಿಯಾದ ಕೈ ಅವನದು. ಅವಳಿಗೆ ಬಿಡಿಸಿಕೊಳ್ಳಲಾಗಲಿಲ್ಲ. “ಬಿಡಿ” ಎಂದಳು. ತಕ್ಷಣ ಬಿಟ್ಟ. ಮತ್ತೆ ಹಿಡಿದ. ಬೆವರು ಇಳಿಯುವ ಹೊತ್ತಿಗೆ ಅವನ ಹೆಬ್ಬೆರಳಿನ ಸಂದಿಯಿಂದ ಅವಳ ಕೈ ಹೊರಬಂತು. ಆಮೇಲೆ ಅವಳು ಹಿಡಿದಳು, ಅವನು ಒದ್ದಾಡಿದ. ಎಲ್ಲರೂ ನಕ್ಕರು. ತನ್ನನ್ನು ನೋಡಿ ನಗುವವರ ಜೊತೆ ತಾನೂ ನಗಬಹುದೆಂದು ಕೆಂಪರಾಜುವಿಗೆ ಅಂದೇ ಗೊತ್ತಾಗಿದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವನು ಬೇಗನೆ ಗರಡಿಗೆ ಬಂದ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಮುಖ ಅರಳಿತ್ತು. ಯಾರನ್ನೂ ಹೊಡೆದಿರಲಿಲ್ಲ, ಕೊಸರಿಕೊಂಡು ಬಂದಿದ್ದ, ಅಷ್ಟೇ.

“ಏನಣ್ಣ, ಇವತ್ತು ಇಷ್ಟು ಬೇಗ?” ಎಂದಳು ವನಜಾ.

“ಸುತ್ತು ಹಾಕಲಿಲ್ಲ, ಬಸ್ ಸ್ಟ್ಯಾಂಡ್ ಮೇಲೇ ಬಂದೆ ಕಣವ್ವಾ.”

ನೀತಿ: ಭಯ ಹೆಣ್ಣು ಗಂಡು ಎಂದು ನೋಡಿ ಬರುವುದಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ವಿದ್ಯೆ ಎಲ್ಲರಿಗೂ ಸಲ್ಲಬೇಕು. ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಕಲಿಯಲು ಅವರದೇ ಜಾಗ ಇರಲಿ, ಆದರೆ ನೊಂದು ಬಂದ ಬೇರೆಯವರಿಗೆ ಬಾಗಿಲು ಮುಚ್ಚದಿರಲಿ. ಬಿಡಿಸಿಕೊಳ್ಳುವುದನ್ನು ಕಲಿಸುವಲ್ಲಿ, ಬಿಡು ಎಂದಾಗ ಬಿಡುವುದನ್ನೂ ಕಲಿಸಬೇಕು.