ಹೊಸ್ತಿಲ ಕೆಳಗಿನ ಗೆದ್ದಲು

ತನ್ನ ಅಡಿಯಲ್ಲೇ ಗೆದ್ದಲು ಗೂಡು ಕಟ್ಟಿರುವುದು ಚಂದ್ರವ್ವನ ಮನೆಯ ಹೊಸ್ತಿಲಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ದಿನಾ ಬೆಳಗ್ಗೆ ನೀರೆರೆದು ಅರಿಶಿನ ಕುಂಕುಮ ಹಚ್ಚುವ ಕೈಯೇ ತನ್ನನ್ನು ಕಿತ್ತು ಒಲೆಗೆ ಹಾಕೀತೆಂದು ಅದಕ್ಕೆ ಭಯ.

ಚಂದ್ರವ್ವ ಕಂಡಲ್ಲೆಲ್ಲ ಮದ್ದು ಮಾಡಿದಳು. ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಗೆರೆ ಎದ್ದಾಗಲೆಲ್ಲ ಕೆರೆದು ಸೀಮೆಎಣ್ಣೆ ಸವರಿದಳು. ಗೆರೆ ಮತ್ತೆ ಎದ್ದಿತು. ಬಣ್ಣ ಬಳಿಸಿದಳು, ಬಣ್ಣದ ಮರೆಯಲ್ಲೇ ಗೆದ್ದಲು ತೊಲೆಯತ್ತ ಹೊರಟಿತು.

"ನೀನಾದರೂ ಹೇಳಬಾರದೇ?" ಎಂದು ಚೌಕಟ್ಟಿನ ಮೇಲಿನ ಹಲ್ಲಿ ಕೇಳಿತು.

"ಹೇಳಿದರೆ ನನ್ನ ಗತಿಯೇನು?"

"ಹೇಳದಿದ್ದರೆ ಆಕೆಯ ಗತಿಯೇನು? ತೊಲೆ ಬೀಳುವುದು ಆಕೆಯ ತಲೆಯ ಮೇಲೆ."

ಅಷ್ಟರಲ್ಲಿ ಚಂದ್ರವ್ವ ಗಂಡನಿಗೆ ಹೇಳುತ್ತಿದ್ದಳು, "ಮ್ಯಾಲೆ ಎಷ್ಟು ಸವರಿದ್ರೂ ಹೋಗವಲ್ದು. ಗೂಡು ಹೊಸ್ತಿಲ ಕೆಳಗ ಐತಿ ಅನಸ್ತೈತ್ರಿ."

ಹಲ್ಲಿ ಹೊಸ್ತಿಲಿನತ್ತ ನೋಡಿತು.

"ಲೊಚಗುಟ್ಟು," ಎಂದಿತು ಹೊಸ್ತಿಲು.

ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ಆಡಿದ ಮಾತು ಖರೇ ಎಂದು ನಂಬಿದ್ದ ಚಂದ್ರವ್ವ ಬೆರಳಿಂದ ನೆಲ ತಟ್ಟಿ, ಬಡಿಗನಿಗೆ ಹೇಳಿಕಳಿಸಿದಳು.

ಮರುದಿನ ಹೊಸ್ತಿಲು ಕಿತ್ತು, ಕೆಳಗಿನ ಹಸಿ ಮಣ್ಣು ಅಗೆದು, ಗೂಡಿಗೇ ಮದ್ದು ಸುರಿದರು. ಹೊಸ ಹೊಸ್ತಿಲು ಕೂರಿಸಿದರು. ಚೌಕಟ್ಟಿನಲ್ಲಿ ಮುಂದೆಂದೂ ಗೆರೆ ಏಳಲಿಲ್ಲ. ಅರ್ಧ ಟೊಳ್ಳಾದ ಹಳೆಯ ಹೊಸ್ತಿಲನ್ನು ಬಡಿಗ ಅಂದೇ ಒಲೆಯ ಕಡೆಗೆ ಎಳೆದ.

"ಬ್ಯಾಡಪ್ಪಾ," ಎಂದಳು ಚಂದ್ರವ್ವ. "ಲಕ್ಷ್ಮಿ ಕುಂತಿದ್ದ ಕಟ್ಟಿಗಿ ಅದು. ಗಟ್ಟಿ ಇದ್ದಷ್ಟರಾಗ ದೇವರ ಮುಂದ ಇಡಾಕ ಒಂದು ಮಣೆ ಮಾಡಿಕೊಡು."

ಮರುದಿನ ಬೆಳಗ್ಗೆ ಆಕೆ ಮೊದಲು ಅರಿಶಿನ ಹಚ್ಚಿದ್ದು ಆ ಮಣೆಗೆ. ಹೊಸ ಹೊಸ್ತಿಲಿಗೆ ಆಮೇಲೆ.