ಕಾವಲು ನಾಯಿಯ ಓಟದ ಅಭ್ಯಾಸ

ಊರ ಕಾವಲಿನ ನಾಯಿ ಸಂತೆಬೀದಿಯಲ್ಲಿ ನಾಗಾಲೋಟದಿಂದ ಬಂತು. ಏನಾಗಿರಬೇಕು, ನೀವೇ ಹೇಳಿ ನೋಡೋಣ! ಅದರ ಕಾಲಡಿ ಸಿಕ್ಕಿ ಕೋಳಿಮರಿಯೊಂದರ ಕಾಲು ಮುರಿಯಿತು.

"ನರಿ ಎಲ್ಲಿ?" ತಾಯಿಕೋಳಿ ಕೆರಳಿ ಕೇಳಿತು.

"ನರಿ ಬಂದಿಲ್ಲಮ್ಮ. ಬಂದಾಗ ಹಿಡಿಯಬೇಕಲ್ಲ, ಅದಕ್ಕೇ ಈ ಅಭ್ಯಾಸ."

"ಊರಾಚೆ ಕಣ ಖಾಲಿ ಬಿದ್ದಿದೆಯಲ್ಲ!"

"ಅಲ್ಲಿ ಅಡ್ಡ ಬರುವವರೇ ಇಲ್ಲ. ಅಭ್ಯಾಸ ಹೇಗಾದೀತು?"

"ನಿನ್ನೆ ಹಬ್ಬದಲ್ಲಿ ಕರಿಯ ತೋರಣ ಹರಿದ ಎತ್ತುಗಳು ಕೂಡ ಡಂಗುರ ಹೊಡೆಸಿ, ಮಕ್ಕಳನ್ನೆಲ್ಲ ಜಗಲಿ ಹತ್ತಿಸಿದ ಮೇಲೇ ಓಡಿದವಯ್ಯಾ! ಅಡ್ಡ ಬರುವವರು ಬೇಕೇ ನಿನಗೆ? ಹಾಗಾದರೆ ನಿನ್ನ ಮರಿಗಳನ್ನೇ ಬೀದಿಯಲ್ಲಿ ನಿಲ್ಲಿಸು. ಈಗ ಓಡು, ನೋಡುತ್ತೇನೆ."

ಎದುರು ಜಗಲಿಯ ಮೇಲೆ ಆಡುತ್ತಿದ್ದ ತನ್ನ ಮರಿಗಳತ್ತ ನಾಯಿ ಒಮ್ಮೆ ನೋಡಿತು. ಆಮೇಲೆ ಬಾಲ ಮುದುರಿಕೊಂಡು ಕಣದ ದಾರಿ ಹಿಡಿಯಿತು.

ಇದಾದದ್ದು, ಸ್ವಾಮೀ, ಸರಿಯಾಗಿ ಕಾರಹುಣ್ಣಿಮೆಯ ಮಾರನೆಯ ದಿನ.