ಚಿಗುರುಗೌರಿಗೆ ಕುಡಿಕೆ ತುಂಬ ಹೂವು

ಎಲ್ಲರೂ ಕಾಲು ತೊಳೆದು ಬಂದಿರಾ? ದೀಪಕ್ಕೆ ಎಣ್ಣೆಯಿದೆಯಾ? ಹಾಗಾದರೆ ಕೈಯಲ್ಲಿ ಅಕ್ಷತೆ ಹಿಡಿದು, ಆಕಳಿಕೆಯನ್ನು ಆಚೆಗಿಟ್ಟು, ಚಿಗುರುಗೌರಿಯ ಕಥೆ ಕೇಳುವಂಥವರಾಗಿ.

ಸಂಪಿಗೆಪುರವೆಂಬ ಪಟ್ಟಣವನ್ನು ಸೋಮದತ್ತನೆಂಬ ಅರಸನು ಆಳುತ್ತಿರಲು, ಅವನಿಗೆ ರತ್ನಮಂಜರಿಯೆಂಬ ಪಟ್ಟದರಾಣಿಯೂ ಚಿತ್ರಲತೆಯೆಂಬ ಒಬ್ಬಳೇ ಮಗಳೂ ಇದ್ದರು. ಆ ಪಟ್ಟಣದ ಹೆಂಗಸರು ಮಾಘಮಾಸದಲ್ಲಿ ಹಿತ್ತಿಲ ಮಣ್ಣನ್ನು ಕೈಯಾರೆ ಹದಮಾಡಿ, ಚೆಂಡುಹೂವು, ಕರ್ಣಕುಂಡಲಗಳ ಬೀಜ ಬಿತ್ತಿ, ವಸಂತದಲ್ಲಿ ಅರಳಿದ ಹೂಗಳನ್ನು ಕಲಶದಲ್ಲಿ ಜೋಡಿಸಿ ಚಿಗುರುಗೌರಿಯ ಮುಂದಿಟ್ಟು ಪೂಜಿಸುವರು. ಗಿಡದ ಮೊದಲ ಹೂವನ್ನು ಕೀಳದೆ ಬೀಜಕ್ಕೆ ಬಿಡುವರು. ಕೇಳಿ ಬಂದವರ ಉಡಿಗೆ ಆ ಬೀಜ ಹಾಕುವರು. ವ್ರತವೆಂದರೆ ಇಷ್ಟೇ.

ರಾಣಿಗೆ ಇಷ್ಟೂ ಸರಿಬರಲಿಲ್ಲ. ಮಣ್ಣು ಮುಟ್ಟಿದರೆ ಉಗುರು ಕೆಟ್ಟೀತೆಂದು ಮಾಲಿಗಳಿಂದ ಬಿತ್ತಿಸಿ, ಆಳೆತ್ತರದ ಬೆಳ್ಳಿಯ ಕಲಶ ಮಾಡಿಸಿ, ಅದು ತುಂಬಲೆಂದು ಒಂದು ಮೊಗ್ಗೂ ಉಳಿಯದಂತೆ ಗಿಡಗಳನ್ನು ಬೋಳಿಸಿ, ತನ್ನಷ್ಟು ಹೂವಿಟ್ಟವರು ಊರಲ್ಲಿ ಯಾರಿದ್ದಾರೆಂದು ಬೀಗಿದಳು. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಪ್ಪಿನ ಮುತ್ತೈದೆಯೊಬ್ಬಳು ಬಾಗಿಲಿಗೆ ಬಂದು ಸೆರಗೊಡ್ಡಿ, "ವ್ರತ ಹಿಡಿಯಬೇಕು ತಾಯಿ, ಒಂದು ಹಿಡಿ ಬೀಜ ಕೊಡು" ಎಂದಳು. ರಾಣಿ ಮುಖ ತಿರುವಿ, "ಒಣಗಿದ ಹೂವಿಗೆ ಅರಮನೆಯಲ್ಲೇನು ಕೆಲಸ? ಬೀಜಗೀಜ ನಮ್ಮಲ್ಲಿಲ್ಲ, ಹೋಗು" ಎಂದುಬಿಟ್ಟಳು. ದೀಪ ಹಚ್ಚುವ ಹೊತ್ತಿನಲ್ಲಿ ಇಲ್ಲವೆನ್ನಬಾರದು; ಅಕ್ಕಿ ಮುಗಿದಿದ್ದರೂ ತುಂಬಿದೆ ಎನ್ನುತ್ತೇವಲ್ಲವೇ? ಮೇಲಿದ್ದ ದೇವತೆಗಳು ರಾಣಿಯ ಮಾತಿಗೆ ಅಸ್ತು ಎಂದರು. ಮುತ್ತೈದೆ ನಕ್ಕು ಹೊರಟುಹೋದಳು.

ಮರುವರ್ಷ ಚಿತ್ರಲತೆಗೆ ದೂರದ ರಾಜ್ಯದ ರಾಜಕುಮಾರನ ಸಂಬಂಧ ಕೂಡಿಬಂತು. ಹುಡುಗಿಯಂತೂ ಅವನನ್ನು ಕಂಡ ದಿನದಿಂದ ತನ್ನಷ್ಟಕ್ಕೆ ನಗುತ್ತಿದ್ದಳು. ಬೀಗಿತ್ತಿಯ ಮನೆತನದ ಕಟ್ಟಳೆ ಒಂದೇ: ಹೆತ್ತ ತಾಯಿ ಕೈಯಾರೆ ಬೆಳೆದ ಹೂವಿನಿಂದ ಬಾಯಿತನಕ ತುಂಬಿದ ಕಲಶ ಹಿಡಿದೇ ಮದುಮಗಳು ಹಸೆಗೆ ಬರಬೇಕು, ತಪ್ಪಿದರೆ ಮದುವೆಯಿಲ್ಲ. ಅರಮನೆಯ ಬೀಜದ ಭರಣಿ ತೆಗೆದು ನೋಡಿದರೆ ಬರೀ ಧೂಳು. ರಾಣಿ ಪರಸ್ಥಳದಿಂದ ಬೀಜ ತರಿಸಿ ತಾನೇ ಬಿತ್ತಿದಳು. ಬಿತ್ತಿ ಸುಮ್ಮನಿದ್ದಳೇ? ಬೆಳಿಗ್ಗೆ ಕೆದಕಿ ನೋಡುವಳು, ಉಂಡು ಬಂದು ಕೆದಕಿ ನೋಡುವಳು, ಮೊಳೆತಿಲ್ಲವೆಂದು ಮಾಲಿಗಳನ್ನು ಗದರುವಳು. ತೋಟವೆಲ್ಲ ಕೋಳಿ ಕೆದರಿದ ಅಂಗಳದಂತಾಯಿತೇ ಹೊರತು ಒಂದು ಚಿಗುರೂ ಏಳಲಿಲ್ಲ. ಮಗಳು ಅನ್ನ ಬಿಟ್ಟು ಕಿಟಕಿಯ ಬಳಿ ಕೂತದ್ದನ್ನು ರಾಣಿ ಕಂಡಳು.

ಆಗ ಆಕೆ ಪಲ್ಲಕ್ಕಿ ಬಿಟ್ಟು, ಬಿಂಕವನ್ನೂ ಬಿಟ್ಟು, ಬರಿಗಾಲಲ್ಲಿ ಬೀದಿಗಿಳಿದು ಮನೆಮನೆಯ ಮುಂದೆ ಸೆರಗೊಡ್ಡಿದಳು. ಅಷ್ಟರಲ್ಲಿ ಎಲ್ಲರೂ ಇದ್ದ ಬೀಜ ಬಿತ್ತಿ ಮುಗಿಸಿದ್ದರು. ಕಡೆಗೆ ಕುಂಬಾರರ ಬಾಳವ್ವನೆಂಬವಳು ಒಳಗಿನಿಂದ ಒಂದು ಪುಟ್ಟ ಮಣ್ಣಿನ ಕುಡಿಕೆ ತಂದು, ಅದರಲ್ಲಿದ್ದ ಬೀಜವನ್ನು ಕುಡಿಕೆಯ ಸಮೇತ ರಾಣಿಯ ಸೆರಗಿಗಿಟ್ಟಳು. ಕೆದಕುವ ಸಂಗತಿ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. "ಕೂಸಿನ್ನ ಮಲಗಿಸಿ ಗಳಿಗಿಗೊಮ್ಮೆ ಎಬ್ಬಿಸಿ ನೋಡ್ತಾರೇನ್ರಿ ಮಹಾತಾಯಿ? ನೀರು ಚಿಮುಕಿಸಿ ಸುಮ್ಮನಿರ್ರಿ. ಮೊದಲ ಹೂ ಮಾತ್ರ ಕೀಳಬ್ಯಾಡ್ರಿ" ಎಂದಳು.

ರಾಣಿ ಹಾಗೆಯೇ ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿ, ಕೆದಕಲು ಕೈ ತುರಿಸಿದಾಗಲೆಲ್ಲ ಆ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೌರಿಯನ್ನು ನೆನೆದಳು. ಚಿಗುರು ಮಣ್ಣೆತ್ತಿ ಬಂದ ಬೆಳಿಗ್ಗೆ ಆಕೆ ಕೂಗಿದ ಕೂಗಿಗೆ ಅರಸನು ಕಳ್ಳ ನುಗ್ಗಿದನೆಂದು ಕತ್ತಿ ಹಿಡಿದು ಬಂದನು. ಗಿಡ ಬೆಳೆದವು, ಹೂವಾದವು.

ಮದುವೆಯ ಹಿಂದಿನ ಸಂಜೆ ದಿಬ್ಬಣ ಬಂದಿಳಿಯಿತು. ರಾಣಿ ಹೂ ಕೊಯ್ದು ತಂದು ಬೆಳ್ಳಿಯ ಕಲಶಕ್ಕಿಟ್ಟರೆ ಅದು ಅರ್ಧವೂ ತುಂಬಲಿಲ್ಲ. ಬೀಜಕ್ಕೆ ಬಿಟ್ಟ ಹೂಗಳಲ್ಲಿ ಕೆಲವು ಒಣಗಿದ್ದರೂ ಹಲವು ಇನ್ನೂ ಕಳೆಯಾಗಿದ್ದವು. ಅವನ್ನೂ ಕಿತ್ತರೆ ತುಂಬೀತೆಂದು ದಾಸಿಯರು ಅಂದರು. ಮಗಳ ಮುಖ ನೋಡಿ ರಾಣಿ ಹೂವಿಗೆ ಕೈಹಾಕಿದಳು, ಕೈಹಾಕಿದವಳು ಹಿಂದೆಗೆದಳು. ಆ ಹೊತ್ತಿಗೇ ಅದೇ ಮುತ್ತೈದೆ ಬಾಗಿಲಲ್ಲಿ ನಿಂತು ಸೆರಗೊಡ್ಡಿ ಒಂದು ಹಿಡಿ ಬೀಜ ಕೇಳಿದಳು. ರಾಣಿ ಓಡಿಹೋಗಿ, "ಉಂಟು ತಾಯಿ, ಉಂಟು" ಎನ್ನುತ್ತ, ಒಣಗಿದ ಚೆಂಡುಹೂಗಳನ್ನು ಬಿಡಿಸಿ ಅವಳ ಉಡಿ ತುಂಬಿದಳು. ಆಮೇಲೆ ಬೆಳ್ಳಿಯ ಕಲಶವನ್ನು ಮೂಲೆಗೆ ಸರಿಸಿ, ಬಾಳವ್ವನ ಕುಡಿಕೆಗೆ ನೀರೆರೆದು, ಹೂಗಳನ್ನು ಒಂದೊಂದಾಗಿ ಜೋಡಿಸಿದಳು. ಕುಡಿಕೆ ಬಾಯಿತನಕ ತುಂಬಿ ಹೂವು ಹೊರಗೆ ಬಾಗಿದವು.

ಮಾರನೆಯ ದಿನ ಚಿತ್ರಲತೆ ಆ ಕುಡಿಕೆಯನ್ನು ಹಿಡಿದು ಹಸೆಗೆ ಬರಲು, ಬೀಗಿತ್ತಿಯು ರಾಣಿಯ ಉಗುರಿನಲ್ಲಿದ್ದ ಮಣ್ಣನ್ನು ನೋಡಿ ಒಪ್ಪಿದಳು. ತಾಳಿ ಕಟ್ಟಿಸಿ ಎಲ್ಲರೂ ದೇವರ ಕೋಣೆಗೆ ಹೋಗಿ ಕೈಮುಗಿದರೆ, ಗೌರಿಯ ಉಡಿಯಲ್ಲಿ ಒಂದು ಹಿಡಿ ಚೆಂಡುಹೂವಿನ ಬೀಜವಿತ್ತು. ರಾಣಿ ಅಲ್ಲಿಯೇ ಕೂತು ಅತ್ತಳು, ಅಳುತ್ತಲೇ ನಕ್ಕಳು.

ರಾಣಿಗೆ ಒಲಿದಂತೆ ಗೌರಿಯು ಈ ಕಥೆ ಹೇಳಿದವರಿಗೂ ಕೇಳಿದವರಿಗೂ, ತೂಕಡಿಸುತ್ತ ಅರ್ಧ ಕೇಳಿದವರಿಗೂ ಒಲಿಯಲಿ. ಬಿತ್ತಿದ್ದು ಮೊಳೆಯಲಿ, ಹೆಣ್ಣುಮಕ್ಕಳು ನಗುತ್ತ ಹಸೆ ಏರಲಿ. ಅಕ್ಷತೆಯನ್ನು ದೇವಿಯ ಪಾದಕ್ಕೆ ಹಾಕಿ ಏಳಿ. ಹೋಗುವ ಮುಂಚೆ ಎಲ್ಲರೂ ಸೆರಗೊಡ್ಡಿ. ಈ ಮನೆಯಲ್ಲಿ ಬೀಜ ಉಂಟು.